ಸದಸ್ಯತ್ವ ಎಂದು ರಸೀದಿಯಲ್ಲಿದೆ: ಬೆಳಗಾವಿಯ ಫುಟ್‌ಬಾಲ್ ಕ್ಲಬ್ಬೊಂದರ ವಾರ್ಷಿಕ ಚಂದಾ ಕುರಿತು

ಕಳೆದ ವರ್ಷ ಜೂನ್ ತಿಂಗಳಲ್ಲಿ, ಬೆಳಗಾವಿಗೆ ಮಳೆ ಹಿಡಿದುಕೊಂಡ ಮೊದಲ ವಾರದಲ್ಲಿ, ನಮ್ಮ ಮನೆಗೆ ಹತ್ತಿರದ ಫುಟ್‌ಬಾಲ್ ಕ್ಲಬ್ಬೊಂದರ ವಾರ್ಷಿಕ ಸದಸ್ಯತ್ವವನ್ನು 1,500 ರೂಪಾಯಿ ಕೊಟ್ಟು ಪಡೆದುಕೊಂಡೆ. ಈ ಜೂನ್ ಕೊನೆಗೆ ಅದರ ಅವಧಿ ಮುಗಿಯುತ್ತದೆ. ನವೀಕರಿಸಬೇಕೋ ಬೇಡವೋ ಎಂದು ನಾನೇ ಲೆಕ್ಕ ಹಾಕುತ್ತಿರುವ ಹೊತ್ತಿನಲ್ಲಿ, ಹೊಸದಾಗಿ ಸೇರಬೇಕೆಂದಿರುವ ಮೂರ್ನಾಲ್ಕು ಜನ ಇದೇ ಪ್ರಶ್ನೆಯನ್ನು ನನಗೆ ಕೇಳಿದ್ದರಿಂದ, ಹನ್ನೆರಡು ತಿಂಗಳ ಅನುಭವವನ್ನು ಬರೆದಿಡುತ್ತಿದ್ದೇನೆ. ಕ್ಲಬ್ಬಿನ ಹೆಸರನ್ನು ಬರೆಯುವುದಿಲ್ಲ. ಅದನ್ನು ನಡೆಸುವವರು ಕೆಟ್ಟವರಲ್ಲ, ಭಾನುವಾರ ಬಂದರೆ ಅವರ ಮುಖ ನೋಡಬೇಕಾದವನು ನಾನು. ಮೇಲಾಗಿ ನಾನು ಹೇಳಹೊರಟ ಕೊರತೆ ಆ ಒಂದು ಕ್ಲಬ್ಬಿಗೆ ಸೀಮಿತವಾದುದೂ ಅಲ್ಲ.

ಮೊದಲು ಕೈಗೆ ಬಂದ ಸಾಮಾನಿನ ವಿಷಯ ಮುಗಿಸುತ್ತೇನೆ. ಒಂದು ಜೆರ್ಸಿ, ಫೋಟೋ ಅಂಟಿಸಿದ ಒಂದು ಕಾರ್ಡು, ಪಂದ್ಯದ ದಿನ ತಗಡಿನ ಶೆಡ್ಡಿನ ಕೆಳಗೆ ಒಂದು ಕುರ್ಚಿ, ವಿರಾಮದಲ್ಲಿ ಚಹಾ, ಮಕ್ಕಳ ಬೇಸಿಗೆ ಶಿಬಿರದ ಶುಲ್ಕದಲ್ಲಿ ನೂರಕ್ಕೆ ಹತ್ತರ ರಿಯಾಯಿತಿ. ಜೆರ್ಸಿಯ ಬಟ್ಟೆ ಚೆನ್ನಾಗಿದೆ, ಬೆವರು ಬೇಗ ಆರುತ್ತದೆ. ಬೆನ್ನ ಮೇಲಿನ ಅಂಕಿ ಮಾತ್ರ ನಾಲ್ಕನೆಯ ಒಗೆತಕ್ಕೆ ಒಣಗಿದ ಕೆರೆಯಂಗಳದಂತೆ ಬಿರಿಯಿತು. ಒಳಮೈ ಹೊರಗೆ ಮಾಡಿ ಒಗೆದರೆ ಉಳಿಯುತ್ತದೆಯಂತೆ. ಅದನ್ನು ಕೊಡುವಾಗಲೇ ಹೇಳಬಹುದಿತ್ತು. ಚಹಾದ ಬಗ್ಗೆ ದೂರಿಲ್ಲ. ಶಿಬಿರದ ರಿಯಾಯಿತಿ ಒಂದರಿಂದಲೇ, ಮನೆಯಲ್ಲಿ ಆಡುವ ಮಗುವಿದ್ದವರಿಗೆ, ಕೊಟ್ಟ ಹಣದ ಒಂದು ಪಾಲು ಮರಳಿ ಬರುತ್ತದೆ.

ಆಟದ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ಹಣ ಕೊಟ್ಟಿದ್ದು ಅದಕ್ಕೇ. ಮರಾಠಾ ಲೈಟ್ ಇನ್‌ಫಂಟ್ರಿಯ ಕೇಂದ್ರ ಇರುವ, ಘಟ್ಟ ಇಳಿದರೆ ಗೋವೆ ಸಿಗುವ ಊರಿದು. ಇಲ್ಲಿ ಚೆಂಡನ್ನು ಕಾಲಿನಿಂದ ಆಡುವುದನ್ನು ಯಾರಿಗೂ ಹೊಸದಾಗಿ ಕಲಿಸಬೇಕಾಗಿಲ್ಲ. ಜುಲೈನ ಒಂದು ಭಾನುವಾರ ನೆನಪಾಗುತ್ತದೆ. ಬೆಳಿಗ್ಗೆ ಎಳೆದಿದ್ದ ಸುಣ್ಣದ ಗೆರೆಗಳೆಲ್ಲ ಹನ್ನೊಂದರ ಮಳೆಗೆ ಕೊಚ್ಚಿಹೋಗಿ, ಪೆನಾಲ್ಟಿ ಪೆಟ್ಟಿಗೆ ಎಲ್ಲಿ ಮುಗಿಯುತ್ತದೆ ಎಂಬುದು ರೆಫರಿಯ ನಂಬಿಕೆಗೆ ಬಿಟ್ಟ ವಿಷಯವಾಗಿತ್ತು. ಎಪ್ಪತ್ತು ದಾಟಿದ ನಿವೃತ್ತ ಸುಬೇದಾರರೊಬ್ಬರು, ಯಾರೂ ಹೇಳದೆಯೇ, ತಳಕ್ಕೆ ಮೊಳೆಯಿಂದ ತೂತು ಹೊಡೆದ ಎಣ್ಣೆ ಡಬ್ಬಿಯಲ್ಲಿ ಸುಣ್ಣ ತುಂಬಿಕೊಂಡು, ಒಂದು ಕೈಯಲ್ಲಿ ಛತ್ರಿ ಹಿಡಿದು, ವಿರಾಮದ ಹತ್ತು ನಿಮಿಷದಲ್ಲಿ ಎರಡೂ ಕಡೆಯ ಪೆಟ್ಟಿಗೆಯನ್ನು ಮತ್ತೆ ಬರೆದರು. ಕೆಂಪು ರಾಡಿಯ ಮೇಲೆ ಆ ಬಿಳಿಗೆರೆ ಒಂದಿಷ್ಟು ಸೊಟ್ಟಗಿತ್ತು. ಯಾರೂ ತಕರಾರು ಮಾಡಲಿಲ್ಲ. ಶೆಡ್ಡಿನಲ್ಲಿ ಕನ್ನಡ, ಮರಾಠಿ, ಕೊಂಕಣಿ, ಉರ್ದು ನಾಲ್ಕರಲ್ಲೂ ಬೈಗುಳ ಬೀಳುತ್ತಿದ್ದವು, ಗೋಲು ಬಿದ್ದಾಗ ಯಾರೋ ಕುಂದಾದ ಡಬ್ಬಿ ತೆರೆದರು. ಆಟಕ್ಕೆ ಮತ್ತು ಆಟದ ಸುತ್ತಲಿನ ಈ ವಾತಾವರಣಕ್ಕೆ ನಾನು ಐದಕ್ಕೆ ನಾಲ್ಕೂವರೆ ಅಂಕ ಕೊಡುತ್ತೇನೆ. ಅರ್ಧ ಅಂಕ ಕಳೆದದ್ದು ಸೋರುವ ತಗಡಿಗೆ.

ತೊಡಕು ಹುಟ್ಟಿದ್ದು ದೀಪಾವಳಿಯ ನಂತರ. ಕ್ಲಬ್ಬು ಹುಟ್ಟಿದಂದಿನಿಂದ ಅದರ ಅಂಗಿ ನೀಲಿ ಮತ್ತು ಬಿಳಿ ಪಟ್ಟೆಯದು. ಒಂದು ಭಾನುವಾರ ಆ ಅಂಗಿ ತೊಟ್ಟು ಮೈದಾನಕ್ಕೆ ಹೋದರೆ, ಹನ್ನೆರಡು ವರ್ಷದ ಹುಡುಗನೊಬ್ಬ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಕಾಕಾ, ಹಳೇ ಅಂಗಿ ಯಾಕ ಹಾಕ್ಕೊಂಡ ಬಂದೀರಿ? ನಮ್ಮದು ಈಗ ಕೇಸರಿ ಐತಿ" ಎಂದ. ತಂಡ ಹೊರಗೆ ಬಂದಾಗ ನಿಜವೇ ಆಗಿತ್ತು. ಹೊಸ ಪ್ರಾಯೋಜಕರ ಬಣ್ಣ ಕೇಸರಿ, ಆದ್ದರಿಂದ ತಂಡದ ಬಣ್ಣವೂ ಕೇಸರಿ. ಅದೇ ವಾರ ತವರು ಮೈದಾನದ ಪಂದ್ಯಗಳನ್ನು ಭಾನುವಾರದಿಂದ ಶನಿವಾರ ಮಧ್ಯಾಹ್ನಕ್ಕೆ ಸರಿಸಿದ್ದೂ ಗೊತ್ತಾಯಿತು. ಅಂಗಡಿ, ವರ್ಕ್‌ಶಾಪು ಇಟ್ಟುಕೊಂಡ ಅರ್ಧದಷ್ಟು ಸದಸ್ಯರಿಗೆ ಶನಿವಾರ ಎಂದರೆ ಬರಲಾಗದ ದಿನ. ವಾಟ್ಸಾಪ್ ಗುಂಪಿನಲ್ಲಿ ಕೇಳೋಣವೆಂದರೆ ಅಲ್ಲಿ ಬರೆಯುವ ಅವಕಾಶ ಅಡ್ಮಿನ್‌ಗಳಿಗೆ ಮಾತ್ರ. ಕಚೇರಿಗೆ ಹೋಗಿ ಕೇಳಿದೆ. ಅಲ್ಲಿದ್ದ ಕಾರ್ಯದರ್ಶಿಗಳು ಕುರ್ಚಿ ಕೊಟ್ಟು, ಮರ್ಯಾದೆಯಿಂದಲೇ ಹೇಳಿದರು: "ಸರ, ಅದು ಕಮಿಟಿ ತೀರ್ಮಾನ ಆಗೇತ್ರಿ. ನೀವು ಅಭಿಮಾನಿ ಸದಸ್ಯರ್ರಿ, ನೋಂದಣಿ ಸದಸ್ಯರಲ್ಲ."

ಮನೆಗೆ ಬಂದು ಕಾರ್ಡನ್ನು ತಿರುಗಿಸಿ ನೋಡಿದೆ. ಮುಂಭಾಗದಲ್ಲಿ ದಪ್ಪಕ್ಷರದಲ್ಲಿ "ಈ ಕ್ಲಬ್ಬು ನಿಮ್ಮದು" ಎಂದಿದೆ. ಹಿಂಭಾಗದಲ್ಲಿ, ಕನ್ನಡಕ ತೆಗೆದು ಕಣ್ಣಿನ ಹತ್ತಿರ ಹಿಡಿದರೆ ಮಾತ್ರ ಓದಬಹುದಾದ ಅಕ್ಷರದಲ್ಲಿ, ಈ ಕಾರ್ಡಿನಿಂದ ಸಂಸ್ಥೆಯ ಆಡಳಿತದಲ್ಲಿ ಯಾವ ಹಕ್ಕೂ ಬರುವುದಿಲ್ಲ ಎಂದಿದೆ. ನೋಂದಣಿ ಸದಸ್ಯರು ಹನ್ನೊಂದು ಜನ. ಸಂಘ ಸಂಸ್ಥೆಗಳ ಕಾನೂನಿನ ಪ್ರಕಾರ ಸಭೆ, ಮತ, ಲೆಕ್ಕಪತ್ರ ಎಲ್ಲವೂ ಅವರಿಗೆ. ನಾವು 212 ಜನ ರಸೀದಿಯಲ್ಲಿ ಸದಸ್ಯರು, ಕಾನೂನಿನಲ್ಲಿ ಗಿರಾಕಿಗಳು. ಕರ್ನಾಟಕದ 1960ರ ಸಂಘಗಳ ನೋಂದಣಿ ಕಾಯ್ದೆ ಸರ್ವಸದಸ್ಯರ ವಾರ್ಷಿಕ ಸಭೆ ನಡೆಸಬೇಕೆನ್ನುತ್ತದೆ, ನಿಜ. ಆದರೆ ಸದಸ್ಯರ ಸಂಖ್ಯೆಯನ್ನೇ ಹನ್ನೊಂದಕ್ಕೆ ನಿಲ್ಲಿಸಿಬಿಟ್ಟರೆ ಆ ಸಭೆಗೆ ಒಂದು ಚಹಾದ ಕೆಟಲ್ ಸಾಕು.

ಈ ಉಪಾಯ ಬೆಳಗಾವಿಯಲ್ಲಿ ಹುಟ್ಟಿದ್ದಲ್ಲ. ಜರ್ಮನಿಯಲ್ಲಿ 1998ರಿಂದ "ಐವತ್ತು ಮತ್ತು ಒಂದು" ಎಂಬ ನಿಯಮವಿದೆ: ಕ್ಲಬ್ಬಿನ ಫುಟ್‌ಬಾಲ್ ವಿಭಾಗ ಕಂಪನಿಯಾದರೂ, ಹೊರಗಿನವರು ಎಷ್ಟೇ ಹಣ ಸುರಿದರೂ, ಅರ್ಧಕ್ಕಿಂತ ಒಂದಾದರೂ ಹೆಚ್ಚು ಮತ ಸದಸ್ಯರ ಮೂಲ ಸಂಘದ ಕೈಯಲ್ಲಿಯೇ ಉಳಿಯಬೇಕು. ಔಷಧ ಕಂಪನಿಯ ಲೆವರ್‌ಕುಸೆನ್, ಕಾರು ಕಂಪನಿಯ ವುಲ್ಫ್ಸ್‌ಬರ್ಗ್‌ಗಳಿಗೆ ಹಳೆಯ ನಂಟಿನ ಕಾರಣದಿಂದ ವಿನಾಯಿತಿ ಸಿಕ್ಕಿತು. ಆದರೆ 2009ರಲ್ಲಿ ರೆಡ್ ಬುಲ್ ಕಂಪನಿಯ ಹಣದಿಂದ ಹುಟ್ಟಿದ ಲೈಪ್‌ಜಿಗ್ ಕ್ಲಬ್ಬು ವಿನಾಯಿತಿ ಕೇಳುವ ಗೋಜಿಗೇ ಹೋಗಲಿಲ್ಲ. ಮತ ಇರುವ ಸದಸ್ಯರ ಸಂಖ್ಯೆಯನ್ನೇ ಬೆರಳೆಣಿಕೆಗೆ ಇಳಿಸಿ, ಉಳಿದವರನ್ನು ಮತವಿಲ್ಲದ ಬೆಂಬಲಿಗ ಸದಸ್ಯರನ್ನಾಗಿ ಇಟ್ಟಿತು. ನಿಯಮದ ಅಕ್ಷರ ಉಳಿಯಿತು. ಲಕ್ಷಕ್ಕೂ ಹೆಚ್ಚು ಸದಸ್ಯರಿರುವ ಡಾರ್ಟ್ಮುಂಡ್‌ನಂಥ ಕ್ಲಬ್ಬುಗಳ ಅಭಿಮಾನಿಗಳು ಲೈಪ್‌ಜಿಗ್ ತಂಡವನ್ನು ಇಂದಿಗೂ ಸಹಿಸದಿರುವುದಕ್ಕೆ ಇದೂ ಒಂದು ಕಾರಣ. ನನ್ನ ಕಾರ್ಡಿನ ಹಿಂಭಾಗ ಓದಿದ ದಿನ ಅವರ ಸಿಟ್ಟು ನನಗೆ ಅರ್ಥವಾಯಿತು.

ಅಂಗಿಯ ಬಣ್ಣದಲ್ಲಿ ಏನಿದೆ ಎಂದು ಕೇಳುವವರಿಗೆ ವೇಲ್ಸ್‌ನ ಕಾರ್ಡಿಫ್ ಸಿಟಿ ಸಾಕ್ಷಿ. ನೀಲಿ ಅಂಗಿಯ, "ನೀಲಿ ಹಕ್ಕಿಗಳು" ಎಂದೇ ಕರೆಸಿಕೊಳ್ಳುವ ಆ ತಂಡಕ್ಕೆ 2012ರಲ್ಲಿ ಮಲೇಷ್ಯಾದ ಮಾಲೀಕ ವಿನ್ಸೆಂಟ್ ಟಾನ್ ಕೆಂಪು ಅಂಗಿ ತೊಡಿಸಿದರು. ಪ್ರತಿಭಟನೆಗಳ ನಂತರ ನೀಲಿ ಮರಳಿ ಬಂದಿದ್ದು 2015ರ ಜನವರಿಯಲ್ಲಿ. ನಮ್ಮ ದೇಶದಲ್ಲಿಯೂ ಹೀಗೆಯೇ ಆಗಿದೆ. 1889ರಲ್ಲಿ ಸ್ಥಾಪನೆಯಾದ ಕೋಲ್ಕತ್ತದ ಮೋಹನ್ ಬಾಗಾನ್ ಕ್ಲಬ್ಬಿನ ಹೆಸರಿಗೆ 2020ರಲ್ಲಿ ಹೊಸ ಪಾಲುದಾರರ ತಂಡವಾದ ಎಟಿಕೆಯ ಮೂರಕ್ಷರ ಅಂಟಿಕೊಂಡಿತು. ಅದನ್ನು ತೆಗೆಯಿರಿ ಎಂದು ಅಭಿಮಾನಿಗಳು ಬೀದಿಯಲ್ಲಿ, ಗ್ಯಾಲರಿಯಲ್ಲಿ, ಗೋಡೆಯ ಮೇಲೆ ಬರೆದು ಕೂಗಿದರು. 2023ರ ಮಾರ್ಚ್‌ನಲ್ಲಿ ಮಡಗಾಂವ್ ಹತ್ತಿರದ ಫಾತೋರ್ಡಾ ಕ್ರೀಡಾಂಗಣದಲ್ಲಿ ಆ ತಂಡ ನಮ್ಮ ಬೆಂಗಳೂರು ಎಫ್‌ಸಿಯನ್ನು ಪೆನಾಲ್ಟಿಯಲ್ಲಿ ಸೋಲಿಸಿ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಗೆದ್ದ ರಾತ್ರಿ, ಮಾಲೀಕರು ಹೆಸರು ಬದಲಿಸುವುದಾಗಿ ಪ್ರಕಟಿಸಿದರು. ಚೋರ್ಲಾ ಘಾಟ್ ಇಳಿದು ಆ ಪಂದ್ಯ ನೋಡಲು ಹೋದ ಬೆಳಗಾವಿಯವರಲ್ಲಿ ನಾನೂ ಒಬ್ಬ. ನಮ್ಮ ತಂಡ ಸೋತ ಸಂಕಟದಲ್ಲಿ ಅಂದು ಆ ಸುದ್ದಿಗೆ ಬೆಲೆ ಕೊಡಲಿಲ್ಲ. ಈಗ ಲೆಕ್ಕ ಹಾಕಿದರೆ, ಕಾರ್ಡಿಫ್ ಇರಲಿ, ಕೋಲ್ಕತ್ತ ಇರಲಿ, ಅಭಿಮಾನಿಗಳು ಬೇಡವೆಂದ ಒಂದು ಮಾತು ಮಾಲೀಕರ ಕಿವಿಗೆ ಇಳಿಯಲು ಎರಡೂವರೆಯಿಂದ ಮೂರು ವರ್ಷ ಬೇಕಾಯಿತು, ಇಳಿದಾಗಲೂ ಅದು ದಯೆಯ ರೂಪದಲ್ಲಿ ಇಳಿಯಿತು. ಮತವಿದ್ದಿದ್ದರೆ ಒಂದು ಸಂಜೆಯ ಸಭೆಯಲ್ಲಿ ಮುಗಿಯುತ್ತಿದ್ದ ಕೆಲಸ ಅದು. ಇಂಗ್ಲೆಂಡಿನಲ್ಲಿ 2025ರಲ್ಲಿ ಬಂದ ಫುಟ್‌ಬಾಲ್ ಆಡಳಿತ ಕಾಯ್ದೆಯಂತೂ, ತವರು ಅಂಗಿಯ ಪ್ರಧಾನ ಬಣ್ಣವನ್ನೋ ಲಾಂಛನವನ್ನೋ ಬದಲಿಸುವ ಮುನ್ನ ಹೆಚ್ಚಿನ ಅಭಿಮಾನಿಗಳ ಒಪ್ಪಿಗೆ ಇದೆಯೆಂದು ಕ್ಲಬ್ಬು ಖಚಿತಪಡಿಸಿಕೊಳ್ಳಬೇಕು ಎನ್ನುತ್ತದೆ.

ಇಷ್ಟು ಬರೆದ ಮೇಲೆ ಕ್ಲಬ್ಬಿನ ಖಜಾಂಚಿಯವರ ಮಾತನ್ನೂ ಬರೆಯದಿದ್ದರೆ ಅನ್ಯಾಯವಾದೀತು. ಅವರು ನನ್ನನ್ನು ಪಕ್ಕಕ್ಕೆ ಕರೆದು, ಶಾಲೆಯ ಮಕ್ಕಳ ಇನ್ನೂರು ಪುಟದ ನೋಟುಬುಕ್ಕನ್ನು ತೆರೆದರು. 212 ಜನರ ಚಂದಾ 3,18,000 ರೂಪಾಯಿ. ತಲಾ 450ರಂತೆ ಜೆರ್ಸಿಗೇ 95,400 ಹೋಯಿತು. ಉಳಿದದ್ದರಲ್ಲಿ ಮೈದಾನದ ಬಾಡಿಗೆ, ರೆಫರಿಗಳ ಭತ್ಯೆ, ಹುಬ್ಬಳ್ಳಿ ಧಾರವಾಡಕ್ಕೆ ಹೋಗಿಬರುವ ಬಸ್ಸು, ಚೆಂಡು, ಬ್ಯಾಂಡೇಜು. ಪ್ರಾಯೋಜಕರು ಕೊಟ್ಟಿದ್ದು ಐದು ಲಕ್ಷ. "ನೀಲಿ ಬಣ್ಣಕ್ಕ ಐದು ಲಕ್ಷ ಕೊಡೋರನ್ನ ನೀವ ಹುಡುಕಿ ಕೊಡ್ರಿ, ನಾಳೇನ ನೀಲಿ ಮಾಡ್ತೇವಿ" ಎಂದರು. ಉತ್ತರಿಸಲು ನನ್ನ ಬಳಿ ಏನೂ ಇರಲಿಲ್ಲ. ಇಷ್ಟು ಮಾತ್ರ ಹೇಳಿದೆ: ಈ ನೋಟುಬುಕ್ಕನ್ನು ಬಣ್ಣ ಬದಲಿಸುವ ಮೊದಲು 212 ಜನರ ಮುಂದೆ ತೆರೆದಿದ್ದರೆ, ಅರ್ಧಕ್ಕಿಂತ ಹೆಚ್ಚು ಜನ ತಾವಾಗಿಯೇ ಕೇಸರಿಗೆ ಕೈ ಎತ್ತುತ್ತಿದ್ದರೋ ಏನೋ, ನಾನೂ ಎತ್ತುತ್ತಿದ್ದೆನೇನೋ. ಅವರು ನಕ್ಕು, ಲೆಕ್ಕ ಕೇಳಿದ ಮೊದಲಿಗ ನೀವೇ ಎಂದರು. ಅದು ಮೆಚ್ಚುಗೆಯೋ ದೂರೋ ತಿಳಿಯಲಿಲ್ಲ.

ಹಣ ಕೊಟ್ಟವರೇ ಯಜಮಾನರು ಎಂಬ ವಾದದ ಇನ್ನೊಂದು ಮುಖವೂ ಇದೆ. ಯಜಮಾನರು ಎದ್ದು ಹೋದರೆ ಏನಾಗುತ್ತದೆ ಎಂಬುದನ್ನು ಭಾರತದ ಫುಟ್‌ಬಾಲ್ ಪದೇ ಪದೇ ಕಂಡಿದೆ. 2010ರಲ್ಲಿ ಮಹೀಂದ್ರಾ ಯುನೈಟೆಡ್, 2011ರಲ್ಲಿ ಪಂಜಾಬಿನ ಜೆಸಿಟಿ, ಎರಡೂ ಕಂಪನಿಗಳ ತೀರ್ಮಾನದಿಂದ ಮುಚ್ಚಿದವು. 2016ರಲ್ಲಿ ನಮ್ಮ ಪಕ್ಕದ ಗೋವೆಯ ಸಾಲಗಾಂವಕರ್ ಮತ್ತು ಸ್ಪೋರ್ಟಿಂಗ್ ಕ್ಲಬ್ಬುಗಳು ರಾಷ್ಟ್ರಮಟ್ಟದ ಐ-ಲೀಗ್‌ ಪಂದ್ಯಾವಳಿಯಿಂದ ಹಿಂದೆ ಸರಿದವು. ಇದಕ್ಕೆ ಎದುರಾಗಿ ಲಂಡನ್ನಿನ ವಿಂಬಲ್ಡನ್ ಕಥೆಯಿದೆ. 2002ರಲ್ಲಿ ಆ ಕ್ಲಬ್ಬನ್ನು ಮಿಲ್ಟನ್ ಕೀನ್ಸ್ ಎಂಬ ಬೇರೆ ಊರಿಗೆ ಒಯ್ಯಲು ಅನುಮತಿ ಸಿಕ್ಕಾಗ, ಹಿಂದೆ ಉಳಿದ ಅಭಿಮಾನಿಗಳು ಊರಿನ ಬಯಲಿನಲ್ಲಿ ಆಟಗಾರರ ಆಯ್ಕೆ ನಡೆಸಿ ಹೊಸ ಕ್ಲಬ್ಬು ಕಟ್ಟಿದರು. ಒಂಬತ್ತು ವರ್ಷಗಳಲ್ಲಿ, 2011ರಲ್ಲಿ, ಅದು ಮತ್ತೆ ಇಂಗ್ಲೆಂಡಿನ ವೃತ್ತಿಪರ ಫುಟ್‌ಬಾಲ್ ಲೀಗ್ ತಲುಪಿತು, 2020ರಲ್ಲಿ ಹಳೆಯ ನೆಲೆಯಾದ ಪ್ಲೌ ಲೇನ್‌ಗೆ ಮರಳಿತು. ಅಭಿಮಾನಿಗಳಿಗೆ ಕ್ಲಬ್ಬು ನಡೆಸಲು ಬರುವುದಿಲ್ಲ ಎನ್ನುವವರ ಮುಂದೆ ನಾನು ಈ ಉದಾಹರಣೆಯನ್ನು ಇಡುತ್ತೇನೆ. ಅವರು ಸ್ಪೇನಿನ ಬಾರ್ಸಿಲೋನಾವನ್ನು ಎದುರಿಗಿಟ್ಟರೆ ತಲೆ ತಗ್ಗಿಸಬೇಕಾಗುತ್ತದೆ: ಸದಸ್ಯರೇ ಮಾಲೀಕರಾಗಿ ಅಧ್ಯಕ್ಷರನ್ನು ಚುನಾಯಿಸುವ ಆ ಕ್ಲಬ್ಬಿನ ಸಾಲ 135 ಕೋಟಿ ಯೂರೋ ಎಂದು 2021ರಲ್ಲಿ ಅದರ ಅಧ್ಯಕ್ಷರೇ ಒಪ್ಪಿಕೊಂಡರು.

ನಮ್ಮ ಜಿಲ್ಲೆಯವರಿಗೆ ಬಾರ್ಸಿಲೋನಾದವರೆಗೆ ಹೋಗುವ ಅಗತ್ಯವೂ ಇಲ್ಲ. ಏಷ್ಯಾದ ಮೊದಲ ಸಹಕಾರ ಸಂಘವೆಂದು ಹೆಸರಾದ 1905ರ ಗದಗ ಜಿಲ್ಲೆಯ ಕಣಗಿನಹಾಳ ಇಲ್ಲಿಗೆ ದೂರವಲ್ಲ. ಸಕ್ಕರೆ ಕಾರ್ಖಾನೆ ಇರಲಿ, ಪತ್ತಿನ ಸಂಘ ಇರಲಿ, ಹುಕ್ಕೇರಿಯಲ್ಲಂತೂ ವಿದ್ಯುತ್ ಹಂಚಿಕೆಯೇ 1969ರಿಂದ ಸಹಕಾರ ಸಂಘದ್ದು. ಒಬ್ಬ ಸದಸ್ಯನಿಗೆ ಒಂದೇ ಮತ ಎಂಬುದು ನಮಗೆ ಪುಸ್ತಕದ ಮಾತಲ್ಲ. ಆ ಮತಕ್ಕಾಗಿ ಎರಡು ಮನೆತನಗಳು ಊರನ್ನೇ ಎರಡು ಮಾಡುವುದನ್ನೂ, ಸಂಘದ ಚುನಾವಣೆಯ ಮುಂದೆ ವಿಧಾನಸಭೆಯ ಚುನಾವಣೆ ಸಪ್ಪೆಯಾಗುವುದನ್ನೂ ನಾವು ಕಂಡಿದ್ದೇವೆ. ಫುಟ್‌ಬಾಲ್ ಕ್ಲಬ್ಬಿಗೆ ಆ ರೋಗ ಬರಬಾರದು ಎಂದು ಕಾರ್ಯದರ್ಶಿಗಳು ಹೆದರಿದರೆ ಅದು ನೆಪವಲ್ಲ. ಆದರೆ ನಾನು ಐದು ಸಾವಿರ ರೂಪಾಯಿ ಷೇರು ಇಟ್ಟಿರುವ ಪತ್ತಿನ ಸಂಘದಿಂದ ಪ್ರತಿ ವರ್ಷ ತೆಳುವಾದ ಒಂದು ವರದಿ ಪುಸ್ತಿಕೆ ಮನೆಗೆ ಬರುತ್ತದೆ. ಅದರಲ್ಲಿ ಕಾಗದ, ಪೆನ್ನಿಗೆ ಆದ ಖರ್ಚೂ ಇರುತ್ತದೆ. ಸಭೆಯಲ್ಲಿ ಮುಕ್ಕಾಲು ಜನ ಊಟಕ್ಕಾಗಿ ಬಂದಿರುತ್ತಾರೆ, ಅದೂ ಗೊತ್ತು; ಆದರೂ ಆ ಖರ್ಚಿನ ಬಗ್ಗೆ ಎದ್ದು ನಿಂತು ಕೇಳುವ ಒಬ್ಬ ಮುದುಕ ಪ್ರತಿ ಸಭೆಯಲ್ಲಿಯೂ ಇರುತ್ತಾನೆ, ಅಧ್ಯಕ್ಷರು ಅವನಿಗೆ ಉತ್ತರ ಹೇಳಲೇಬೇಕು. ಫುಟ್‌ಬಾಲ್ ಕ್ಲಬ್ಬಿನಿಂದ ನನಗೆ ಬೇಕಾದದ್ದು ಅಷ್ಟೇ ದೊಡ್ಡ ಹಕ್ಕು.

ಯಾರನ್ನು ಆಡಿಸಬೇಕು, ಯಾರನ್ನು ಕೂಡಿಸಬೇಕು ಎಂಬುದರಲ್ಲಿ ಅಭಿಮಾನಿಗಳು ಬಾಯಿ ಹಾಕಬಾರದು. ನಮ್ಮ ಶೆಡ್ಡಿನಲ್ಲಿ ಕೇಳಿಬರುವ ಸಲಹೆಗಳನ್ನು ಪಾಲಿಸಿದರೆ ತರಬೇತುದಾರರು ಹದಿನಾಲ್ಕು ಜನರನ್ನು, ಅದರಲ್ಲೂ ಇಬ್ಬರು ಗೋಲ್‌ಕೀಪರ್‌ಗಳನ್ನು, ಮೈದಾನಕ್ಕೆ ಇಳಿಸಬೇಕಾದೀತು. ಹೆಸರು, ಬಣ್ಣ, ಮೈದಾನ, ಪಂದ್ಯದ ವಾರ, ಚಂದಾದ ದರ, ಇವು ಬೇರೆ. ಇವು ಆಟಗಾರ, ತರಬೇತುದಾರ, ಪ್ರಾಯೋಜಕ ಎಲ್ಲರೂ ಹೋದ ಮೇಲೆಯೂ ಉಳಿಯುವವರ ಪಾಲಿನ ವಿಷಯಗಳು. ಜನವರಿಯಲ್ಲಿ ಇದನ್ನೇ ಒಂದು ಪುಟದಲ್ಲಿ ಬರೆದು, 43 ಜನರ ಸಹಿ ಹಾಕಿಸಿ ಕೊಟ್ಟೆವು. ಸುಣ್ಣದ ಡಬ್ಬಿಯ ಸುಬೇದಾರರು ಮೊದಲ ಸಹಿ ಮಾಡಿದರು, ಜೊತೆಗೆ ದಿನಾಂಕವನ್ನೂ ಹಾಕಿದರು. ಬರೀ ಇಪ್ಪತ್ತು ದಿನಗಳಲ್ಲಿ ಉತ್ತರ ಬಂತು ಎಂಬುದನ್ನು ಕ್ಲಬ್ಬಿನ ಪರವಾಗಿ ಹೇಳಬೇಕು: ಅಭಿಮಾನಿ ಸದಸ್ಯರಿಂದ ಇಬ್ಬರು ಸಮಿತಿಯ ಸಭೆಗೆ ಬಂದು ಕೂಡಬಹುದು, ಮತ ಇರುವುದಿಲ್ಲ. ಐಎಸ್‌ಎಲ್ ತಂಡವಾದ ಕೇರಳ ಬ್ಲಾಸ್ಟರ್ಸ್ ಕೂಡ 2025ರಲ್ಲಿ ಅಭಿಮಾನಿಗಳ ಪ್ರತಿಭಟನೆಯ ಬಿಸಿಯ ನಡುವೆ ಒಂದು ಅಭಿಮಾನಿ ಸಲಹಾ ಮಂಡಳಿಯನ್ನು ಪ್ರಕಟಿಸಿತ್ತು. ನಮ್ಮವರಿಗೆ ಆ ಮಾದರಿ ಎಲ್ಲಿಂದಲಾದರೂ ತಲುಪಿರಬೇಕು.

ಮಾರ್ಚ್‌ನ ಸಭೆಗೆ ನಾನು ಮತ್ತು ಸುಬೇದಾರರು ಹೋದೆವು. ತಗಡಿನ ದುರಸ್ತಿಯ ವಿಷಯ ಬಂದಾಗ ನಮ್ಮ ಅಭಿಪ್ರಾಯ ಕೇಳಿದರು, ಬರೆದುಕೊಂಡರು. ಶನಿವಾರದ ಪಂದ್ಯಗಳನ್ನು ತಿಂಗಳಿಗೆ ಎರಡರಂತೆ ಭಾನುವಾರಕ್ಕೆ ಮರಳಿಸಲು ಒಪ್ಪಿದರು; ಏಪ್ರಿಲ್‌ನಲ್ಲಿ ಹಾಗೆಯೇ ಮಾಡಿದರು. ಮುಂದಿನ ವಿಷಯ ಜಮಾ-ಖರ್ಚು. ಆಗ ಕಾರ್ಯದರ್ಶಿಗಳು ಎದ್ದು, ಬಾಗಿಲಿನತ್ತ ಕೈ ತೋರಿಸಿ, "ಸುಬೇದಾರ್ ಸಾಹೇಬ್ರ, ನೀವಿಬ್ಬರೂ ಹೊರಗ ಚಾ ತಗೊಳ್ರಿ, ಹತ್ತು ನಿಮಿಷದಾಗ ಕರೀತೇವಿ" ಎಂದರು. ಚಹಾ ಎಂದಿನಂತೆ ಚೆನ್ನಾಗಿತ್ತು. ಹತ್ತು ನಿಮಿಷ ಮೂವತ್ತೈದು ನಿಮಿಷವಾಯಿತು, ಒಳಗಿನಿಂದ ಐದು ಲಕ್ಷ ಎಂಬ ಮಾತು ಎರಡು ಸಲ ಕೇಳಿಸಿತು, ನಮ್ಮನ್ನು ಮತ್ತೆ ಕರೆಯುವ ಹೊತ್ತಿಗೆ ವಂದನಾರ್ಪಣೆ ನಡೆದಿತ್ತು.

ಹೊಸದಾಗಿ ಸೇರುವವರಿಗೆ ನನ್ನ ಅಭಿಪ್ರಾಯ ಇಷ್ಟು. ಒಳ್ಳೆಯ ಆಟ, ಕುರ್ಚಿ, ಅಂಗಿ ಮತ್ತು ಮಗುವಿನ ಶಿಬಿರ ಬೇಕಿದ್ದರೆ 1,500 ರೂಪಾಯಿ ಹೆಚ್ಚಲ್ಲ, ಕಣ್ಣು ಮುಚ್ಚಿ ಕೊಡಬಹುದು. ಸದಸ್ಯತ್ವ ಎಂಬ ಶಬ್ದವನ್ನು ನಂಬಿ ಕೊಡುವುದಾದರೆ ಮೊದಲು ಕಾರ್ಡಿನ ಹಿಂಭಾಗ ಓದಿರಿ. ಆ ಶಬ್ದಕ್ಕೆ ನಾನು ಐದಕ್ಕೆ ಒಂದು ಅಂಕ ಕೊಡುತ್ತೇನೆ, ಅದೂ ಭಾನುವಾರದ ಪಂದ್ಯಗಳು ಮರಳಿದ್ದಕ್ಕೆ. ನಾನಂತೂ ಕಳೆದ ವಾರ ಹಣದೊಂದಿಗೆ ಕಚೇರಿಗೆ ಹೋಗಿ, ರಸೀದಿಯಲ್ಲಿ ಸದಸ್ಯತ್ವದ ಬದಲು "ಆಸನ ಮತ್ತು ಜೆರ್ಸಿಯ ಶುಲ್ಕ" ಎಂದು ಬರೆದುಕೊಡಲು ಕೇಳಿದೆ. ರಸೀದಿ ಬರೆಯುವ ಹುಡುಗ ಪೆನ್ನು ಎತ್ತಿ, ಮತ್ತೆ ಕೆಳಗಿಟ್ಟು, ಇದಕ್ಕೆ ಕಮಿಟಿಯನ್ನು ಕೇಳಬೇಕಾಗುತ್ತದೆ ಎಂದ. ಜೂನ್ 30ರವರೆಗೆ ಸಮಯವಿದೆ, ಹಣ ನನ್ನ ಬಳಿಯೇ ಇದೆ.